ಅಲೋ ಮಾಡುವವರು

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ ನಾನು ಆ ಭಾಷೆಯಲ್ಲಿ ಸ್ವಂತವಾಗಿ ರಚಿಸಿ ಲೋಕಕ್ಕೆ ಕೊಟ್ಟದ್ದು ಒಂದೇ ಒಂದು ವಾಕ್ಯ. ಅದೂ ತಗಡಿನ ಮೇಲೆ, ಹಳದಿ ಬಣ್ಣದ ಮೇಲೆ ಕಪ್ಪು ಅಕ್ಷರ: 'ಎಂಟ್ರಿ ನಾಟ್ ಅಲೋಡ್ ವಿದೌಟ್ ಪರ್ಮಿಷನ್.' ಕಳಸದ ಪೇಂಟರ್ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತು, ಅಕ್ಷರಕ್ಕೊಂದು ಸಲ ಮೂಗು ತೂರಿಸಿ ಬರೆಸಿದೆ. ಪಾಪ, ದುಡ್ಡು ಕೊಟ್ಟು ಕಳಿಸಿದಾಗ ಅವನ ಮುಖದಲ್ಲಿ ಪರೀಕ್ಷೆ ಮುಗಿದ ಕಳೆ ಇತ್ತು.

ಸುಮ್ಮನೆ ಬೋರ್ಡು ಹಾಕುವ ಚಟವೇನೂ ನನಗಿಲ್ಲ. ಸಂಸೆಯಿಂದ ಕಳಸಕ್ಕೆ ಹೋಗುವ ರಸ್ತೆಯ ಬದಿಗೇ ನಮ್ಮ ನಾಲ್ಕೆಕರೆ ಕಾಫಿ ತೋಟ. ಮಾರ್ಚಿನಲ್ಲಿ ಗಿಡವೆಲ್ಲ ಬೆಳ್ಳಗೆ ಹೂ ಬಿಟ್ಟಾಗ ಎಲ್ಲಿ ಹೂ ಉದುರೀತೋ ಎಂದು ನಾವೇ ಒಳಗೆ ಕಾಲಿಡಲು ಹೆದರುತ್ತೇವೆ. ಈ ಸಲ ಕಾರಿನಲ್ಲಿ ಬಂದವರು ಸೀದಾ ಒಳಗೆ ನುಗ್ಗಿ, ಒಬ್ಬಳು ಕೆಳಗೆ ನಿಂತು ಮುಖ ಮೇಲೆತ್ತುವುದು, ಇನ್ನೊಬ್ಬ ರೆಂಬೆ ಹಿಡಿದು ಅಲ್ಲಾಡಿಸುವುದು, ಮೂರನೆಯವನು ಹೂಮಳೆಯ ರೀಲ್ಸ್ ಮಾಡುವುದು! ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ. ವಾರದೊಳಗೆ ಗೇಟು ಬಂತು, ಗೇಟಿಗೆ ಬೋರ್ಡು ಬಂತು.

ಈ 'ಅಲೋ' ಎಂಬ ಪದದ ಹಣೆಬರಹವೇ ವಿಚಿತ್ರ. ಕ್ಲಾಸಿನಲ್ಲಿ ಅದರ ಅರ್ಥ 'ಅನುಮತಿ ಕೊಡು' ಎಂದು ನಾನೇ ಸಾವಿರ ಸಲ ಬರೆಸಿದ್ದೇನೆ. ಆದರೆ ನಮ್ಮ ಬಾಯಿಗೆ ಬರುವಾಗ ಅದು ಬೆನ್ನಿಗೊಂದು 'ಇಲ್ಲ' ಕಟ್ಟಿಕೊಂಡೇ ಬರುತ್ತದೆ. ಗುಡ್ಡಕ್ಕೆ ಜೀಪು ಅಲೋ ಇಲ್ಲ. ಒಳಗೆ ಚಪ್ಪಲಿ ಅಲೋ ಇಲ್ಲ. ಹೋಂಸ್ಟೇಯಲ್ಲಿ ಹತ್ತು ಗಂಟೆ ಮೇಲೆ ಹಾಡು ಅಲೋ ಇಲ್ಲ. 'ಇಲ್ಲಿ ಕೂತು ದಣಿವಾರಿಸಿಕೊಳ್ಳುವುದು ಅಲೋ ಇದೆ' ಎಂಬ ಬೋರ್ಡನ್ನು ನೀವೇನಾದರೂ ಕಂಡಿದ್ದರೆ ತಿಳಿಸಿ, ನಾನು ಬಸ್ಸು ಹಿಡಿದು ಬಂದು ನೋಡುತ್ತೇನೆ. ನಮ್ಮಲ್ಲಿ ಪದಗಳಿಗೇನು ಬರವೇ? ನಾಟಕದ ರಾಜನಿಗೆ ಅಪ್ಪಣೆ, ಅರ್ಜಿಗೆ ಅನುಮತಿ, ಕೋವಿಗೆ ಪರವಾನಗಿ, ಹೆಣ್ಣಿನ ಮನೆಯವರಿಗೆ ಒಪ್ಪಿಗೆ. ಮನೆಯೊಳಗೆ ಮಾತ್ರ ಇವ್ಯಾವುವೂ ಬೇಡ. ಹೊರಟವರು ಹೊಸ್ತಿಲಲ್ಲಿ ನಿಂತು 'ಬರ್ಲಾ ಹಂಗಾರೆ?' ಎಂದು ಕೇಳುತ್ತಾರೆ, ಕಾಲು ಆಗಲೇ ಚಪ್ಪಲಿಯೊಳಗೆ ಇರುತ್ತದೆ. ಬೇಡ ಎನ್ನುವ ಅಧಿಕಾರ ಯಾರಿಗೂ ಇಲ್ಲ ಎಂದು ಇಬ್ಬರಿಗೂ ಗೊತ್ತು.

ನಮ್ಮ ಶಾಲೆಯಲ್ಲಿ ಗಣಿತದ ಟೀಚರೊಬ್ಬರಿದ್ದರು. ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿದಾಗಲೆಲ್ಲ ಅವರದ್ದು ಒಂದೇ ಮಾತು: "ನಮ್ಮನೆಯವ್ರು ತುಂಬ ಒಳ್ಳೆಯವ್ರಪ್ಪ, ನನ್ನನ್ನ ಎಲ್ಲದಕ್ಕೂ ಅಲೋ ಮಾಡ್ತಾರೆ." ಕೆಲಸಕ್ಕೆ ಅಲೋ, ತವರಿಗೆ ಅಲೋ, ಚೂಡಿದಾರಕ್ಕೂ ಅಲೋ. ಅಷ್ಟೆಲ್ಲ ಅಲೋ ಮಾಡಬೇಕಾದರೆ ಆ ಮಹಾನುಭಾವರ ಕೈಯಲ್ಲಿ ಎಷ್ಟು ಬೀಗದ ಕೈ ಇರಬೇಕು ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಇಂಥವರ ಪೈಕಿ ನಾನಲ್ಲ ಎಂಬ ಜಂಬ ನನಗೆ.

ಇರಲಿ, ಬೋರ್ಡಿನ ಕಥೆಗೆ ಬರುತ್ತೇನೆ. ಇಂಗ್ಲಿಷ್ ಬಲ್ಲವರಿಗೆಂದೇ ಇಂಗ್ಲಿಷಿನಲ್ಲಿ ಬರೆಸಿದ್ದಲ್ಲವೇ? ಅವರು ಅದನ್ನು ಚೆನ್ನಾಗಿಯೇ ಓದಿದರು. ಓದಿ, ಅದಕ್ಕೆ ಒರಗಿಕೊಂಡು ಫೋಟೋ ತೆಗೆಸಿಕೊಂಡು, ಆಮೇಲೆ ಗೇಟು ಹತ್ತಿ ಒಳಗೆ ಹಾರಿದರು. ನನ್ನ ವಾಕ್ಯಕ್ಕೆ ಅಷ್ಟು ಓದುಗರು ಸಿಕ್ಕಿದ್ದು ನೋಡಿ ನಮ್ಮನೆಯವರಿಗೆ ನಗು ತಡೆಯಲಾಗಲಿಲ್ಲ.

ಅದನ್ನು ಪಾಲಿಸಿದ್ದು ಒಬ್ಬಳೇ, ಓದಲು ಬಾರದ ಗುಲಾಬಿ.

ಗುಲಾಬಿಯ ಮನೆ ನಮ್ಮ ತೋಟದ ಮೇಲಿನ ದಿಣ್ಣೆಯಲ್ಲಿ. ಕಳಸದ ಹೋಟೆಲೊಂದರಲ್ಲಿ ಅಕ್ಕಿ ರೊಟ್ಟಿ ತಟ್ಟುವ ಕೆಲಸ ಅವಳದ್ದು. ನಮ್ಮ ತೋಟದ ನಡುವೆ, ಗೇಟು ಹಾಕಿಸಿದಲ್ಲಿಗೇ ಬರುವ ಕಾಲುದಾರಿಯಲ್ಲಿ ಇಳಿದರೆ ಐದು ನಿಮಿಷಕ್ಕೆ ಬಸ್ ಸ್ಟಾಪು. ನಾವು ಈ ಜಾಗ ಕೊಳ್ಳುವ ಮೊದಲೇ ಅವಳ ಅತ್ತೆ ಅದೇ ದಾರಿಯಲ್ಲಿ ಓಡಾಡಿದವಳು. ಮೇ ತಿಂಗಳ ಒಂದು ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರಲು ಸ್ಟಾಪಿಗೆ ಹೋದಾಗ ಬಸ್ಸು ಆಗಷ್ಟೇ ಹೋಗಿತ್ತು. ರಸ್ತೆಯ ತಿರುವಿನಲ್ಲಿ ಗುಲಾಬಿ ಮಂಡಿ ಹಿಡಿದುಕೊಂಡು ಏದುಸಿರು ಬಿಡುತ್ತ ಬಂದಳು.

"ಇದೆಂತದೇ, ರೋಡಲ್ಲಿ ಸುತ್ತಿ ಬರ್ತಾ ಇದೀಯ?"

"ಮತ್ತೆಲ್ಲಿ ಬರೋದು ಟೀಚರೇ? ನೀವು ಬೋರ್ಡು ಹಾಕ್ಸಿದೀರಲ್ಲ."

"ಅಯ್ಯೋ, ಅದು ನಿಂಗಲ್ಲ ಮಾರಾಯ್ತಿ!"

"ನಂಗೆಲ್ಲಿ ಓದೋಕೆ ಬರ್ತದೆ? ಕಂಡಕ್ಟ್ರನ್ನ ಕೇಳ್ದೆ. ಯಾರೂ ಕೇಳದೆ ಬರಂಗಿಲ್ಲ ಅಂತ ಬರ್ದಿದೆ ಅಂದ್ರು. ಗುಲಾಬಿ ಒಬ್ಳನ್ನ ಬಿಟ್ಟು ಅಂತ ಎಂತಾದ್ರೂ ಉಂಟಾ ಅಂತಾನೂ ಕೇಳ್ದೆ. ಇಲ್ಲ ಅಂದ್ರು."

ಕಂಡಕ್ಟರ್ ನನ್ನ ಹಳೆಯ ವಿದ್ಯಾರ್ಥಿ. ಅವನ ಅನುವಾದದಲ್ಲಿ ಒಂದು ತಪ್ಪೂ ಇರಲಿಲ್ಲ. ಅವನಿಗೆ ಅಷ್ಟು ಚೆನ್ನಾಗಿ ಕಲಿಸಿದ್ದಕ್ಕೆ ನನಗೆ ಮೊದಲ ಸಲ ಬೇಜಾರಾಯಿತು. ಎರಡು ತಿಂಗಳಿಂದ ಅವಳು ಆ ಮಂಡಿಯಲ್ಲಿ ಅರ್ಧ ಗಂಟೆ ಸುತ್ತಿ ಬರುತ್ತಿದ್ದಳು. ಈ ವಾರ ಬಸ್ಸು ತಪ್ಪಿದ್ದು ಎರಡನೇ ಸಲ. ಇನ್ನೊಂದು ಸಲ ತಡವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಹೋಟೆಲಿನ ಧಣಿ ಹೇಳಿಯೂ ಆಗಿತ್ತು.

ತಕ್ಷಣ ಧಾರಾಳವಾಗಿ, "ನಾಳೆಯಿಂದ ತೋಟದಲ್ಲೇ ಹೋಗು. ನಾನು ಹೇಳಿದೀನಲ್ಲ, ನಿಂಗೆ ಯಾವಾಗ್ಲೂ ಅಲೋ ಇದೆ" ಎಂದೆ.

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಮೊದ್ಲು ಅದು ದಾರಿ ಆಗಿತ್ತು ಟೀಚರೇ. ಈಗ ನೀವು ಬಿಟ್ರೆ ದಾರಿ. ನಾಳೆ ನಿಮ್ಗೆ ಬ್ಯಾಡ ಅನ್ಸಿದ್ರೆ ಗೇಟಿನ ತನಕ ಇಳ್ದು ವಾಪಸ್ ಹತ್ತೋಕೆ ಈ ಮಂಡಿ ಕೇಳಲ್ಲ. ರೋಡಾದ್ರೆ ಯಾರನ್ನೂ ಕೇಳೋದು ಬ್ಯಾಡ."

ಮೊದಲು ನನಗೆ ಬಂದದ್ದು ಸಿಟ್ಟು. ಕೊಟ್ಟದ್ದನ್ನು ಬೇಡ ಅನ್ನುತ್ತಾಳಲ್ಲ, ಎಷ್ಟು ಕೊಬ್ಬು ಎಂದು ಗೊಣಗುತ್ತಲೇ ಮನೆಗೆ ಬಂದು ಹಾಲು ಕಾಸಿದೆ. ಹಾಲು ಉಕ್ಕುವ ಹೊತ್ತಿಗೆ ಗಣಿತದ ಟೀಚರ ಯಜಮಾನರು ನೆನಪಾದರು. ಅವರ ಬಗ್ಗೆ ನಕ್ಕಿದ್ದ ನಾನು ಎಂಥ ಹೆಂಗಸು! ಅವಳ ಅತ್ತೆ ಕಾಲದ ದಾರಿಯನ್ನು ನನ್ನದು ಮಾಡಿಕೊಂಡು, ಅದನ್ನೇ ಅವಳಿಗೆ ಉಪಕಾರವೆಂದು ಕೊಡಲು ಹೋಗಿದ್ದೆ. ನಾಚಿಕೆಯಾಯಿತು. ನಿಜವಾಗಿ ಆಯಿತು.

"ಆ ಗೇಟು, ಬೋರ್ಡು ತೆಗ್ಸಿಬಿಡ್ಲಾ?" ಎಂದು ನಮ್ಮನೆಯವರನ್ನು ಕೇಳಿದೆ.

"ಹಾಕೋವಾಗ ಕೇಳಿದ್ಯಾ?" ಎಂದರು ಪೇಪರಿನಿಂದ ಕಣ್ಣೆತ್ತದೆ.

ಮಧ್ಯಾಹ್ನಕ್ಕೇ ಗೇಟು ಕಿತ್ತಾಯಿತು. ಗುಲಾಬಿಗೆ ಹೇಳಿ ಕಳಿಸಿದೆ. "ನೋಡ್ದೆ. ತೆಗ್ಸಿದ್ದೂ ನೀವೇ ಅಲ್ವಾ" ಎಂಬ ಉತ್ತರ ಬಂತು. ಅವಳು ರಸ್ತೆಯಲ್ಲೇ ನಡೆದಳು. ಕಾಲುದಾರಿಯ ಮೇಲೆ ಅತ್ತಿತ್ತಲಿನ ಕಾಫಿ ರೆಂಬೆಗಳು ಚಾಚಿಕೊಂಡವು. ದಿನಾ ಬೆಳಿಗ್ಗೆ ಅಡುಗೆಮನೆಯ ಕಿಟಕಿಯಲ್ಲಿ ನಿಂತು, ಬಸ್ಸು ಬರುವ ಹೊತ್ತಿಗೆ ಅವಳು ಸ್ಟಾಪು ತಲುಪಿದಳೋ ಇಲ್ಲವೋ ಎಂದು ನೋಡುವುದು ನನಗೆ ಅಭ್ಯಾಸವಾಯಿತು.

ಮೊನ್ನೆ ಅವಳು ಸ್ಟಾಪಿನಲ್ಲಿ ಇರಲಿಲ್ಲ. ಕೆಳಗಿನ ತಿರುವಿನಿಂದ ಬಸ್ಸಿನ ಹಾರ್ನ್ ಕೇಳಿಸಿತು. ತಲೆಯೆತ್ತಿದರೆ, ಗುಲಾಬಿ ಇನ್ನೂ ದಿಣ್ಣೆಯ ಮೇಲೆ! ರಸ್ತೆಯ ಕಡೆ ಒಮ್ಮೆ ನೋಡಿದಳು. ಇನ್ನೊಮ್ಮೆ ಹಾರ್ನ್ ಆಯಿತು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡವಳೇ ಸೀದಾ ನಮ್ಮ ತೋಟಕ್ಕೆ ಇಳಿದಳು. ನಡುದಾರಿಯಲ್ಲಿ ಕಾಫಿ ರೆಂಬೆಯೊಂದು ಅಡ್ಡ ಬಂತು, ಗೊಂಚಲು ಗೊಂಚಲು ಎಳೆಗಾಯಿ ಕಟ್ಟಿದ್ದು. ಎರಡೂ ಕೈಯಲ್ಲಿ ಹಿಡಿದು ಲಟಕ್ಕನೆ ಮುರಿದು ಪಕ್ಕಕ್ಕೆಸೆದು ಇಳಿದಳು.

ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಕೂಗಲು ಬಾಯಿಯೂ ತೆರೆದಿದ್ದೆ. ಆದರೆ ಎಲ್ಲಾದರೂ ನನ್ನನ್ನು ಕಂಡು, ನಿಂತು, 'ಹೋಗ್ಲಾ?' ಎಂದು ಕೇಳಿಬಿಟ್ಟಾಳೆಂದು ಹೆದರಿ ಗಬಕ್ಕನೆ ಗೋಡೆಯ ಹಿಂದೆ ಸರಿದೆ. ಕಂಡಕ್ಟರ್ 'ರೈಟ್' ಎಂದದ್ದು ಕೇಳಿಸಿದ ಮೇಲೇ ಮತ್ತೆ ಕಿಟಕಿಗೆ ಬಂದದ್ದು. ದಾರಿಯಲ್ಲೂ ಸ್ಟಾಪಿನಲ್ಲೂ ಯಾರೂ ಇರಲಿಲ್ಲ.