ಡಾಕ್ಟರನ್ನೇ ಪರೀಕ್ಷೆಗೆ ಹಚ್ಚಿದ ಮಾವ

ನನ್ನ ಮಾವ ಆಬಾಸಾಹೇಬರಿಗೆ ಗೋಕಾಕ ಪೇಟೆಯಲ್ಲಿ ಬೆಲ್ಲದ ದಲಾಲಿ ಅಂಗಡಿಯಿದೆ. ಪೆಂಟಿ ಎನ್ನುವ ಬೆಲ್ಲದ ಮುದ್ದೆಯ ಮೂಲೆ ಮುರಿದು ನಾಲಗೆಯ ಮೇಲಿಟ್ಟರೆ ಸಾಕು, ಯಾವ ಊರಿನ ಗಾಣದ ಬೆಲ್ಲ, ಕುದಿ ಹೆಚ್ಚಾಗಿದೆಯೋ ಕಡಿಮೆಯೋ, ಸೋಡಾ ಎಷ್ಟು ಬಿದ್ದಿದೆ, ಎಲ್ಲ ಹೇಳಿಬಿಡುತ್ತಾರೆ. ತಂದ ರೈತ ಊರ ಹೆಸರು ಹೇಳಲು ಬಾಯಿ ತೆರೆದರೆ ಕೈ ಅಡ್ಡ ಹಿಡಿಯುತ್ತಾರೆ. ಮೊದಲೇ ಹೇಳಿಬಿಟ್ಟರೆ ನಾಲಗೆಗೆ ಕೆಲಸವೇನು ಎಂಬುದು ಅವರ ವಾದ. ಅಂಗಡಿಯಲ್ಲಿ ಈ ವಾದ ಚೆನ್ನಾಗಿಯೇ ನಡೆಯುತ್ತದೆ. ಅದನ್ನೇ ದವಾಖಾನೆಗೂ ಹೊತ್ತೊಯ್ದು ಈ ವರ್ಷ ನಮ್ಮನ್ನೆಲ್ಲ ಸಾಕುಸಾಕು ಮಾಡಿದರು.

ಚಳಿಗಾಲದಲ್ಲಿ ಅವರಿಗೆ ಉರಿಮೂತ್ರ ಶುರುವಾಯಿತು. ಗೋಕಾಕದ ಒಬ್ಬ ಡಾಕ್ಟರು ಮೂತ್ರ ಪರೀಕ್ಷೆ ಮಾಡಿಸಿದರು. ಬಿಳಿ ರಕ್ತಕಣಗಳು ಬಹಳ ಇವೆ ಎಂದು ರಿಪೋರ್ಟು ಬಂತು. ಲ್ಯಾಬಿನವರು ಅದನ್ನು ಪಸ್ ಸೆಲ್ ಎನ್ನುತ್ತಾರೆ, ನನ್ನ ಅತ್ತೆ ಜಿನ್ನವ್ವ ನೇರವಾಗಿ ಕೀವು ಎನ್ನುತ್ತಾರೆ. ಸೋಂಕಿರಬೇಕೆಂದು ಡಾಕ್ಟರು ಆ್ಯಂಟಿಬಯೋಟಿಕ್ ಬರೆದುಕೊಟ್ಟರು, ಬೆಳಿಗ್ಗೆ ಒಂದು, ರಾತ್ರಿ ಒಂದು. ನಮ್ಮದು ಜೈನರ ಮನೆ. ಮಾವ ಹೊತ್ತು ಮುಳುಗಿದ ಮೇಲೆ ನೀರನ್ನೂ ಮುಟ್ಟುವವರಲ್ಲ. ರಾತ್ರಿಯ ಗುಳಿಗೆ ಹಾಗೇ ಉಳಿಯಿತು. ಹೊತ್ತಿರುವಾಗಲೇ ತೆಗೆದುಕೊಳ್ಳಬಹುದೇ ಎಂದು ಡಾಕ್ಟರನ್ನು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಸ್ವಲ್ಪ ಆರಾಮವೆನಿಸಿದ ಕೂಡಲೇ ಉಳಿದ ಗುಳಿಗೆಯನ್ನೂ ಬಿಟ್ಟರು. ಉರಿ ಮತ್ತೆ ಬಂತು.

ಮುಂದಿನದು ಮೂಡಲಗಿ. ತುಕ್ಕಾನಟ್ಟಿಯ ತಂಗಿಯನ್ನು ಮಾತಾಡಿಸಲು ಹೋದವರು ಹಾಗೇ ಮೂಡಲಗಿಯ ಡಾಕ್ಟರಿಗೆ ತೋರಿಸಿಕೊಂಡು ಬಂದರು. ನಾನು ಚೀಲದಲ್ಲಿಟ್ಟಿದ್ದ ಹಳೆಯ ರಿಪೋರ್ಟನ್ನು ತೆಗೆದು ಮನೆಯಲ್ಲೇ ಇಟ್ಟು ಹೋಗಿದ್ದರು. ಅಲ್ಲೂ ಅದೇ ಪರೀಕ್ಷೆ, ಅವೇ ಬಿಳಿ ಕಣಗಳು, ಬೇರೆ ಬಣ್ಣದ ಗುಳಿಗೆ. ಅದು ತೀರುವ ಮೊದಲೇ ಯಾರೋ ರೈತರು ಹೊಗಳಿದರೆಂದು ಹುಕ್ಕೇರಿಯ ಡಾಕ್ಟರ ಹತ್ತಿರ. ಮೂತ್ರದಲ್ಲಿ ಯಾವ ರೋಗಾಣು ಬೆಳೆಯುತ್ತದೆಂದು ನೋಡಲು ಅವರು ಕಲ್ಚರ್ ಮಾಡಿಸಿದರು. ಏನೂ ಬೆಳೆಯಲಿಲ್ಲ. ಬೆಳೆಯುವುದಾದರೂ ಹೇಗೆ? ಹೊಟ್ಟೆಯಲ್ಲಿ ಮೂಡಲಗಿಯ ಗುಳಿಗೆ ಇತ್ತು. ಅದನ್ನು ಅವರಿಗೆ ಹೇಳಿದರೆ ತಾನೇ?

‘ಯಾಕ ಹೇಳಲಿಲ್ರಿ ಮಾಮಾ?’ ಎಂದೆ. ಮಗಳು ಕಾಲಿಗೆ ಜೋತುಬಿದ್ದಿದ್ದಳು, ಒಲೆಯ ಮೇಲೆ ಹಾಲಿತ್ತು, ನನಗೂ ಸಾವಧಾನ ಉಳಿದಿರಲಿಲ್ಲ.

‘ಎಲ್ಲಾ ನಾವ ಹೇಳಿಬಿಟ್ರ ಅವ ಕಂಡಹಿಡಿಯೂದ ಏನ ಉಳೀತು? ಬಲ್ಲಾಂವ ಇದ್ರ ತಾನ ಹೇಳತಾನ.’

‘ಅವರೇನ ನಿಮ್ಮನ್ನ ಮುರದ ನಾಲಗಿ ಮ್ಯಾಲ ಇಟ್ಕೋಬೇಕೇನ್ರಿ?’

‘ಇಟ್ಕೊಂಡ್ರೂ ಬರೇ ಕಹಿನ ಹತ್ತತೈತಿ ತಗೋ,’ ಎಂದರು ಅತ್ತೆ ಒಳಗಿನಿಂದ.

ನಗುವ ಹೊತ್ತು ಅದಾಗಿರಲಿಲ್ಲ. ಮಾವ ಇಳಿಯುತ್ತಿದ್ದರು. ಧೋತರ ನಿಲ್ಲದೆ ಮೇಲಿಂದ ಮೇಲೆ ಬಿಗಿದುಕೊಳ್ಳುತ್ತಿದ್ದರು, ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ನನ್ನ ಗಂಡ ಪ್ರತೀಕನಿಗೆ ಹೇಳಿದರೆ, ಅಪ್ಪ ಯಾರ ಮಾತು ಕೇಳುತ್ತಾರೆಂದು ಗಾಡಿ ಚಾಲೂ ಮಾಡಿಕೊಂಡು ಹೊರಟುಬಿಟ್ಟ.

ಕೊನೆಗೆ ಮೂರೂ ಊರಿನ ಕಾಗದಗಳನ್ನು ಕೈಚೀಲಕ್ಕೆ ತುಂಬಿ, ಮಗಳನ್ನು ಸೊಂಟಕ್ಕೇರಿಸಿಕೊಂಡು, ಗೋಕಾಕಕ್ಕೆ ಹೊಸದಾಗಿ ಬಂದಿದ್ದ ಮೂತ್ರರೋಗದ ಡಾಕ್ಟರು ದಾಕ್ಷಾಯಿಣಿಯವರ ಬಳಿ ನಾನೇ ಅವರನ್ನು ಕರೆದೊಯ್ದೆ. ನೀನು ಬಾಯಿ ತೆಗೆಯಬೇಡ ಎಂದು ಮಾವ ರಿಕ್ಷಾದಲ್ಲೇ ತಾಕೀತು ಮಾಡಿದ್ದರು. ಏನು ತೊಂದರೆ ಎಂದು ಡಾಕ್ಟರು ಕೇಳಿದರೆ, ನೀವೇ ನೋಡಿ ಎಂಬಂತೆ ಮಣಿಕಟ್ಟು ಚಾಚಿ ಕುಳಿತರು. ಮೊದಲು ಏನಾದರೂ ಔಷಧ ತೆಗೆದುಕೊಂಡಿದ್ದೀರಾ ಎಂದರೆ, ಇಲ್ಲ. ನನಗೆ ತಡೆಯಲಾಗಲಿಲ್ಲ. ಚೀಲವನ್ನು ಮೇಜಿನ ಮೇಲೆ ಸುರಿದು ಎಲ್ಲ ಹೇಳಿದೆ.

ಡಾಕ್ಟರು ಬೇಸರಪಡದೆ ಬಿಡಿಸಿ ತಿಳಿಸಿದರು. ಬಿಳಿ ಕಣಗಳಿದ್ದೂ ರೋಗಾಣು ಸಿಗದಿದ್ದರೆ ಕಾರಣ ಇದೇ ಎಂದು ಹೇಳಲಾಗುವುದಿಲ್ಲ. ಅರ್ಧಂಬರ್ಧ ನುಂಗಿದ ಆ್ಯಂಟಿಬಯೋಟಿಕ್ ಕಲ್ಚರನ್ನು ಕೆಡಿಸಿರಬಹುದು. ಕಲ್ಲಿರಬಹುದು, ಪ್ರಾಸ್ಟೇಟ್ ಗ್ರಂಥಿ ಬಾತಿರಬಹುದು. ಮೊಣಕಾಲಿಗೆಂದು ಬಹುಕಾಲ ನೋವಿನ ಗುಳಿಗೆ ನುಂಗಿದವರಿಗೂ ಹೀಗಾಗುತ್ತದೆ. ಮೂತ್ರ ಹಿಡಿಯುವಾಗ ಸ್ವಚ್ಛತೆ ತಪ್ಪಿದರೂ ಮೋಸವಾಗುತ್ತದೆ. ಇನ್ನೊಂದು, ಕಿಡ್ನಿಯ ಟಿಬಿ. ಅದರ ರೋಗಾಣು ಸಾದಾ ಕಲ್ಚರಿನಲ್ಲಿ ಬೆಳೆಯುವುದೇ ಇಲ್ಲ. ಸ್ಕ್ಯಾನ್ ಮಾಡಿದಾಗ ಬಲಗಡೆಯ ಕಿಡ್ನಿ ಊದಿದ್ದು ಕಂಡಿತು. ಕಾರಣ ಬೇಗ ಸಿಗದಿದ್ದರೆ ಆ ಕಿಡ್ನಿ ಹೋಗಬಹುದು ಎಂದರು.

‘ಕಾಕಾ, ಹಿಂದ ಯಾವಾಗರ ಟಿಬಿ ಆಗಿತ್ತೇನ್ರಿ? ನಿಮಗರ, ಮನ್ಯಾಗ ಯಾರಿಗರ?’

‘ನಮ್ಮ ಮನ್ಯಾಗ ಅಂಥಾದ್ದಿಲ್ಲ,’ ಎಂದು ಮಾವ ಎದ್ದೇಬಿಟ್ಟರು.

ಟಿಬಿ ಪರೀಕ್ಷೆಗೆ ಮುಂಜಾನೆಯ ಮೊದಲ ಮೂತ್ರ ಕೊಡಬೇಕಿತ್ತು. ಡಾಕ್ಟರು ಕೊಟ್ಟ ಬಾಟ್ಲಿಗಳನ್ನು ಬಚ್ಚಲ ಗೂಡಿನಲ್ಲಿಟ್ಟೆ. ಮರುದಿನ ನೋಡಿದರೆ ಖಾಲಿ. ಅದರ ಮರುದಿನವೂ ಖಾಲಿ. ನನ್ನ ಜೊತೆ ಮಾತೂ ಬಿಟ್ಟಿದ್ದರು, ಅದನ್ನಾದರೂ ಸಹಿಸಬಹುದಿತ್ತು. ಆದರೆ ಆ ಸಿಟ್ಟನ್ನು ಮಗಳ ಮೇಲೆ ತೀರಿಸುವುದೇ? ಅಂಗಡಿಯಿಂದ ಬಂದೊಡನೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೆಲ್ಲದ ಚೂರು ಬಾಯಿಗಿಡುವುದು ಅವರ ದಿನದ ಪದ್ಧತಿ. ಈಗ ಅವಳು ‘ಆಬಾ’ ಎಂದು ತೋಳು ಚಾಚಿ ಓಡಿದರೆ ಎದ್ದು ಹೊರಕಟ್ಟೆಗೆ ಹೋಗುತ್ತಿದ್ದರು. ಆ ದಿನಗಳಲ್ಲಿ ನನ್ನ ಡೈರಿಯಲ್ಲಿ ಬರೆದುಕೊಂಡದ್ದನ್ನು ಇಲ್ಲಿ ಬರೆಯಲಾರೆ.

ಒಂದು ಸಂಜೆ ಅವಳು ಅತ್ತೂ ಅತ್ತೂ ಬಿಕ್ಕಳಿಸತೊಡಗಿದಾಗ ಎತ್ತಿಕೊಂಡು ಹೋಗಿ ಅವರ ಮುಂದೆ ನಿಂತೆ.

‘ಸಿಟ್ಟ ನನ್ನ ಮ್ಯಾಲ ಐತಿ, ನನ್ನ ಬೈರಿ. ಕೂಸು ಏನ ಮಾಡೈತ್ರಿ?’ ಎಂದು ಅವಳನ್ನು ಅವರ ತೊಡೆಯ ಮೇಲೆ ಇಳಿಸಹೋದೆ.

ಮಾವ ಗೋಡೆಗೆ ಸರಿದು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

‘ಕೊಡಬ್ಯಾಡ. ಆಕಿನ್ನ ನನ್ನ ಕಡಿ ಕೊಡಬ್ಯಾಡ.’ ಅವರ ದನಿ ಸಿಟ್ಟಿನದಾಗಿರಲಿಲ್ಲ. ‘ಲಗ್ನಕ್ಕಿಂತ ಮೊದಲ ನಾ ಮಿರಜದ ದವಾಖಾನ್ಯಾಗ ಇದ್ದೆ. ಎದಿ ರೋಗಕ್ಕ, ಅದ ಟಿಬಿಗಿ. ನಮ್ಮಪ್ಪ ಅವ್ವನ್ನ ಬಿಟ್ರ ಯಾರಿಗೂ ಗೊತ್ತಿಲ್ಲ.’

ಹೆಣ್ಣು ಸಿಗುವುದಿಲ್ಲವೆಂದು ಆಗ ಹಿರಿಯರು ಮುಚ್ಚಿಟ್ಟರಂತೆ. ಆಮೇಲೆ ಅಂಗಡಿ ಬಂತು. ರೋಗದ ಸುದ್ದಿ ಗೊತ್ತಾದರೆ ತಾನು ಮುರಿದು ರುಚಿ ನೋಡಿದ ಪೆಂಟಿಯನ್ನು ಪೇಟೆಯಲ್ಲಿ ಯಾರು ಕೊಂಡಾರು ಎಂಬ ಹೆದರಿಕೆಯೂ ಅದರ ಜೊತೆ ಬಂತು. ಡಾಕ್ಟರೇ ತಾವಾಗಿ ಕಂಡುಹಿಡಿದುಬಿಟ್ಟರೆ ತಾನು ಬಾಯಿಬಿಟ್ಟಂತಾಗುವುದಿಲ್ಲವಲ್ಲ ಎಂದು ಮೂರು ಊರು ತಿರುಗಿದ್ದರು.

ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದರು. ಇಷ್ಟು ವರ್ಷ ಮುಚ್ಚಿಟ್ಟದ್ದಕ್ಕೆ ಏನಂದಾರೋ ಎಂದು ನಾನು ಅವರ ಮುಖ ನೋಡಿದೆ.

‘ಮಮ್ಮಗಳ ಬಂದ ಮ್ಯಾಲ ನನ್ನ ಯಾರ ತವರಿಗಿ ಹೊಳ್ಳಿ ಕರಕೊಂಡ ಹೊಕ್ಕಾರ?’ ಎಂದರು. ‘ಇಷ್ಟಕ್ಕ ಕಿಡ್ನಿ ಕೊಳಸ್ಕೋತ ಕುಂತೀರಲ್ಲ, ಅದಕ್ಕ ಏನ ಅನ್ನಬೇಕ ನಿಮಗ? ನಾಳಿ ಮುಂಜಾನಿ ಬಾಟ್ಲಿ ತುಂಬಿ ಕೊಡ್ರಿ.’

ಕೊಟ್ಟರು. ಟಿಬಿಯೇ ಎಂದು ಬಂತು. ಹಿಂದೆ ನುಂಗಿದ ಗುಳಿಗೆಗಳಲ್ಲಿ ಒಂದು ಟಿಬಿಯನ್ನೂ ತುಸು ಅಡಗಿಸುವಂಥದು, ಆಗಾಗ ಆರಾಮವೆನಿಸಿದ್ದು ಅದಕ್ಕೇ ಇರಬೇಕು ಎಂದರು ಡಾಕ್ಟರು. ಬಲ ಕಿಡ್ನಿಯಿಂದ ಮೂತ್ರ ಇಳಿಯುವ ನಾಳ ಇಕ್ಕಟ್ಟಾಗಿತ್ತು. ಅದಕ್ಕೆ ಒಳಗೊಂದು ಸಣ್ಣ ನಳಿಗೆ ಹಾಕಿ, ತಿಂಗಳುಗಟ್ಟಲೆ ಟಿಬಿ ಗುಳಿಗೆ ತಪ್ಪದೆ ನುಂಗಬೇಕು. ಕಿಡ್ನಿ ಎಷ್ಟು ಉಳಿಯುತ್ತದೆಂದು ಈಗಲೇ ಹೇಳಲಾಗದು, ಆದರೆ ಹೊತ್ತು ಮೀರಿಲ್ಲ ಎಂದರು. ಮಾವನ ಕಣ್ಣೆಲ್ಲ ಎದೆಯ ಎಕ್ಸ್‌ರೇ ಮೇಲೆ. ಕಫದ ಪರೀಕ್ಷೆಯ ರಿಪೋರ್ಟೂ ಬಂದಿತ್ತು.

‘ಎದಿ ಸ್ವಚ್ಛ ಐತ್ರಿ ಕಾಕಾ. ಕಿಡ್ನಿದು ಹಿಂಗ ಮುಟ್ಟಿದ್ರ ಹತ್ತೂದಿಲ್ಲ. ಕೂಸಿನ್ನ ಎತ್ಕೋರಿ.’

‘ಬೆಲ್ಲ?’

‘ಬೆಲ್ಲಾನೂ ಮುರೀರಿ.’

ಜೊತೆಗೆ ಬಂದಿದ್ದ ಅತ್ತೆಗೂ ಕೇಳಲೆಂದು ಅದನ್ನು ಡಾಕ್ಟರಿಂದ ಮತ್ತೊಮ್ಮೆ ಹೇಳಿಸಿದರು. ಹೊರಗೆ ಬಂದರೆ ಮಗಳು ಆಗಲೇ ನನ್ನ ಸೊಂಟದಿಂದ ಅರ್ಧ ಜಾರಿ ಅವರತ್ತ ವಾಲಿದ್ದಳು. ಮಾವ ತಡಿ ಎಂದು ನಲ್ಲಿಯ ಕಡೆ ನಡೆದರು. ಸಾಬೂನು ಹಚ್ಚಿ ತೊಳೆದರು, ಮತ್ತೆ ಹಚ್ಚಿದರು, ಉಗುರಿನ ಸಂದಿಯನ್ನೂ ಉಜ್ಜಿದರು. ಸಾಕು ಬರ್ರಿ ಎಂದು ಕರೆದೆ. ‘ಬಂದೆ ತಡೀವಾ’ ಎಂದವರು ಮತ್ತೆ ಸಾಬೂನು ತೆಗೆದುಕೊಂಡರು. ಮಗಳು ಕಿರುಚುತ್ತಿದ್ದಳು, ಅವಳನ್ನು ಹಿಡಿದು ಹಿಡಿದು ನನ್ನ ತೋಳು ಸೋತಿತ್ತು.