ಗುಡ್ಡೆಯ ಬಾವುಟ ಕಡಲಿಗೆ ಹೋದದ್ದು

ಕರ್ತನ ಮನೆಯವರೆಲ್ಲರಿಗೂ ಉಡುಪಿಯ ಎಡ್ವಿನ್ ಮಾಡುವ ವಂದನೆಗಳು. ನನಗೆ ಬರೆದು ಅಭ್ಯಾಸವಿಲ್ಲ. ಪಡೆದದ್ದನ್ನು ಹೇಳದೆ ಒಳಗಿಟ್ಟುಕೊಂಡರೆ ಕದ್ದ ಹಾಗೆ ಎಂದು ನನ್ನ ಹೆಂಡತಿ ಗ್ರೇಸಿ ಬಹಳ ದಿನಗಳಿಂದ ಚುಚ್ಚುತ್ತಿದ್ದಾಳೆ. ಅವಳ ಬಾಯಿಗೆ ಹೆದರಿ ಕುಳಿತಿದ್ದೇನೆ.

ಅದು ಮೇ ತಿಂಗಳ ಕೊನೆಯ ಶನಿವಾರ. ಮಣಿಪಾಲದ ಆಚೆಯ ಮುರಕಲ್ಲಿನ ಗುಡ್ಡೆಯ ಮೇಲೆ ಬೆಳಿಗ್ಗೆ ಬೇಗನೆ ಹೋಗಿ ನಿಂತಿದ್ದೆ. ಕಾರ್ಕಳದ ಡೆನಿಸ್ ತನ್ನ ಭಾವನನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಬಂದಾಗಿತ್ತು. ಬಾರದೆ ಇದ್ದವರು ನನ್ನ ಜೊತೆ ಆಡಬೇಕಾದ ಕಾಪುವಿನ ಶೀನಣ್ಣ ಒಬ್ಬರೇ. ಕೋಲುಗಳ ಚೀಲ ಅವರ ಹತ್ತಿರ, ಬಾವುಟವೂ ಆ ಚೀಲದೊಳಗೆ. ನಾನು ಬರಿಗೈಯಲ್ಲಿ ನಿಂತು ಕಾರ್ಕಳದವರ ತಮಾಷೆಗೆ ಹಲ್ಲು ಕಿರಿಯುತ್ತಿದ್ದೆ.

"ಸೋಲುವ ಹೆದರಿಕೆಗೆ ನಿಮ್ಮ ಶೀನಣ್ಣ ಮೀನಿನ ಹಾಗೆ ಜಾರಿಕೊಂಡರು," ಎಂದ ಡೆನಿಸ್. "ಸೋತವರು ಹಾಕಬೇಕಾದ ಕೋರಿ ರೊಟ್ಟಿ ಊಟ ಈಗಲೇ ಮಾಡಿಸಿ ಬಿಡಿ, ಅಲ್ವಾ?"

ಆಟ ಯಾವುದು ಎಂದು ಹೇಳಿಬಿಡುತ್ತೇನೆ, ನಗಬಾರದು. ಗಾಲ್ಫ್. ಶ್ರೀಮಂತರದ್ದಲ್ಲ, ನಮ್ಮದು. ಗಲ್ಫಿನ ಎಣ್ಣೆ ಕ್ಯಾಂಪಿನಲ್ಲಿ ನಾನು ಸ್ಟೋರ್ ನೋಡಿಕೊಳ್ಳುತ್ತಿದ್ದೆ, ಶೀನಣ್ಣ ಅಲ್ಲಿ ಲಾಂಚು ಓಡಿಸುತ್ತಿದ್ದರು. ಶುಕ್ರವಾರದ ರಜೆಯಲ್ಲಿ ಕ್ಯಾಂಪಿನ ಹಿಂದಿನ ಮರಳಿನಲ್ಲಿ ದೊರೆಗಳು ಆಡುವುದನ್ನು ನೋಡಿ ನೋಡಿ ಕಲಿತೆವು. ಅವರಲ್ಲೊಬ್ಬರು ಊರಿಗೆ ಹೊರಡುವಾಗ ತಮ್ಮ ಹಳೆಯ ಕೋಲುಗಳ ಚೀಲವನ್ನು ನಮ್ಮಿಬ್ಬರಿಗೆ ಸೇರಿ ಕೊಟ್ಟು ಹೋದರು. 1998ರಲ್ಲಿ ನಾವಿಬ್ಬರೂ ಊರಿಗೆ ಮರಳಿದಾಗ ಚೀಲವೂ ಬಂತು. ಒಂದು ವಾರ ಉಡುಪಿಯ ನನ್ನ ಮನೆಯಲ್ಲಿ, ಒಂದು ವಾರ ಕಾಪುವಿನ ಅವರ ಮನೆಯಲ್ಲಿ. ಹಾಗಾಗಿ ಒಬ್ಬನನ್ನು ಬಿಟ್ಟು ಇನ್ನೊಬ್ಬ ಆಡುವ ಪ್ರಶ್ನೆಯೇ ಇರಲಿಲ್ಲ.

ಗುಡ್ಡೆಯ ಮೇಲೆ ಆರು ಗುಂಡಿ ತೋಡಿ ಹಾಲಿನ ಪುಡಿಯ ಖಾಲಿ ಡಬ್ಬಿ ಹುಗಿದೆವು. ಗುಂಡಿಯ ಸುತ್ತ ಕಡಲ ಮರಳು ಹಾಸಿ, ಶೀನಣ್ಣ ಮಲ್ಪೆಯ ತಮ್ಮ ಮೀನಿನ ಬೋಟಿನಿಂದ ತಂದ ಸುಟ್ಟ ಎಣ್ಣೆಯನ್ನು ಬೆರೆಸಿ ತಟ್ಟಿದೆವು, ಗಾಳಿಗೆ ಮರಳು ಹಾರಬಾರದಲ್ಲ. ಪಕ್ಕದ ಪಣೆಯಲ್ಲಿ ಕಲ್ಲು ಕಡಿಯುವ ಬಾಗಲಕೋಟೆ ಕಡೆಯ ಆಳೊಬ್ಬ ಮೊದಲ ದಿನ ನಮ್ಮನ್ನು ನೋಡಿ ಗುದ್ದಲಿ ಕೆಳಗಿಟ್ಟು ಬಂದು, "ಏನ್ ಕಳ್ಕೊಂಡೀರಿ ಸರ, ನಾನೂ ಹುಡುಕ್ಲೇನ್ರಿ?" ಎಂದು ಕೇಳಿದ್ದ. ಕಳೆದುಕೊಂಡದ್ದು ಪ್ರಾಯ ಎಂದು ಶೀನಣ್ಣ ಉತ್ತರ ಕೊಟ್ಟರು.

ಗುಂಡಿ ಆರಾದರೂ ಬಾವುಟ ಒಂದೇ. ಊರಿಬಿಟ್ಟು ಬಂದರೆ ದನ ಜಗಿಯುತ್ತದೆ, ಮೊದಲ ಬಾವುಟ ಹೋದದ್ದೇ ಹಾಗೆ. ಅಂದಿನಿಂದ ಒಬ್ಬ ಹೊಡೆಯುವಾಗ ಅವನ ಜೊತೆಗಾರ ಮುಂದೆ ನಡೆದು ಗುಂಡಿಯ ಬಳಿ ಬಾವುಟ ಹಿಡಿದು ನಿಲ್ಲುವುದು ನಮ್ಮ ಕ್ರಮವಾಯಿತು. ಪ್ರತಿ ಅಕ್ಟೋಬರದಿಂದ ಮೇವರೆಗೆ ಎಷ್ಟು ಶನಿವಾರ ಶೀನಣ್ಣ ನನಗಾಗಿ ಆ ಬಿಸಿಲಿನಲ್ಲಿ ಬಾವುಟ ಹಿಡಿದು ನಿಂತಿದ್ದಾರೋ ದೇವರೇ ಬಲ್ಲ. ಚೆಂಡು ಎತ್ತಲೋ ಹಾರಿದಾಗ, "ಇಲ್ಲಿ ಮಾರಾಯ, ಇಲ್ಲಿ, ನಾನು ಇಲ್ಲಿ ಉಂಟು!" ಎಂದು ಬಾವುಟ ಬೀಸುತ್ತಿದ್ದರು.

ಆ ಬಾವುಟದ ಬಟ್ಟೆ ಎಲ್ಲಿಂದ ಬಂತು ಎಂಬುದನ್ನು ಹೇಳಬೇಕು. ನಮ್ಮ ದೇವಾಲಯದಲ್ಲಿ ಪಾದ್ರಿ ಅಯ್ಯನವರು ನಿಂತು ಬೋಧಿಸುವ ಪ್ರಸಂಗಪೀಠಕ್ಕೆ ಹಾಕುವ ಕೆಂಪು ವಸ್ತ್ರ ಹಳತಾಗಿತ್ತು. ಗ್ರೇಸಿ ಹೊಸದನ್ನು ಹೊಲಿದುಕೊಟ್ಟಾಗ ಅಯ್ಯನವರು ಹಳತನ್ನು ಅವಳ ಕೈಗೇ ಕೊಟ್ಟು, "ಬಿಸಾಡಲು ಮನಸ್ಸು ಬರುವುದಿಲ್ಲ, ಯಾವುದಕ್ಕಾದರೂ ಉಪಯೋಗ ಆಗಲಿ," ಎಂದಿದ್ದರು. ಅದರ ಮಧ್ಯದಲ್ಲಿ ಬಿಳಿ ಶಿಲುಬೆಯಿತ್ತು. ಶಿಲುಬೆ ದನದ ಬಾಯಿಗೆ ಹೋಗಬಾರದೆಂದು ಗ್ರೇಸಿ ಬಟ್ಟೆಯನ್ನು ಮಡಚಿ, ಶಿಲುಬೆ ಒಳಗೆ ಅಡಗುವಂತೆ ಸುತ್ತ ಕಚ್ಚಾ ಹೊಲಿಗೆ ಹಾಕಿದಳು. ಆಮೇಲೆ ಮಿಷನ್ನಿನಲ್ಲಿ ಗಟ್ಟಿ ಹೊಲಿಗೆ ಹಾಕುತ್ತೇನೆ ಎಂದವಳು ಮರೆತೇಬಿಟ್ಟಳು. ನಮ್ಮ ಸಭೆಯ ಹಿರಿಯರಾದ ಬೆಂಜಮಿನ್ ಮಾಸ್ಟ್ರಿಗೆ ಈ ವಿಷಯ ಹೇಗೋ ತಿಳಿಯಿತು. "ಪೀಠದ ವಸ್ತ್ರವನ್ನು ಆಟಕ್ಕೆ ಎಳೆದಿರಲ್ಲ ಎಡ್ವಿನ್, ಇದು ಒಳ್ಳೆಯದಕ್ಕಲ್ಲ," ಎಂದು ಎಲ್ಲರ ಎದುರು ಹೇಳಿದರು. ನಾನು ಆಗ ನಕ್ಕುಬಿಟ್ಟೆ.

ಹಿಂದಿನ ಶನಿವಾರದ ಆಟ ಮುಗಿದಾಗ ಶೀನಣ್ಣನಿಗೆ ಮಲ್ಪೆಯಿಂದ ಸುದ್ದಿ ಬಂದಿತ್ತು. ಅವರ ಬೋಟಿನ ತಾಂಡೇಲನಿಗೆ ಜ್ವರ, ಬೋಟು ನಡೆಸಲು ಜನವಿಲ್ಲ. ಮಳೆಗಾಲಕ್ಕೆ ಬೋಟು ಮೇಲೆ ಎಳೆಯುವ ಮೊದಲಿನ ಕೊನೆಯ ಬೇಟೆ ಅದು. "ನಾನೇ ಹೋಗ್ತೇನೆ, ಶುಕ್ರವಾರ ದಡದಲ್ಲಿ ಇರ್ತೇನೆ," ಎಂದು ಹೇಳಿ, ಮನೆಗೂ ಹೋಗದೆ ಚೀಲವನ್ನು ಹೆಗಲಿಗೇರಿಸಿಕೊಂಡು ಸೀದಾ ಮಲ್ಪೆ ಬಸ್ಸು ಹತ್ತಿದ್ದರು. ಗುರುವಾರ ಕಡಲಿನಲ್ಲಿ ಗಾಳಿ ಎದ್ದಿತು. ನಮ್ಮ ಹಿತ್ತಿಲಿನ ನುಗ್ಗೆಮರ ಮುರಿಯಿತು, ಫೋನು ಸತ್ತಿತು. ಅದಕ್ಕಿಂತ ಹೆಚ್ಚಿನದೇನೂ ನನಗೆ ಗೊತ್ತಾಗಲಿಲ್ಲ, ಹೇಳಿದ ಹಾಗೆ ಅವರು ಶುಕ್ರವಾರವೇ ಬಂದಿರುತ್ತಾರೆ ಎಂದುಕೊಂಡಿದ್ದೆ. ಶನಿವಾರ ಆ ಗುಡ್ಡೆಯ ಮೇಲೆ ನಿಂತು ನಾನು ಬೈಯುತ್ತಿದ್ದುದು, ಹಾಸಿಗೆ ಬಿಟ್ಟು ಏಳದ ಮನುಷ್ಯ ಎಂದು.

ಬಿಸಿಲೇರಿದರೂ ಅವರು ಬರಲಿಲ್ಲ. ಕಾರ್ಕಳದವರನ್ನು ಹೋಟೆಲಿನಲ್ಲಿ ಕೂರಿಸಿ, ಉಡುಪಿಗೆ ಇಳಿದು ಬಸ್ಸು ಬದಲಿಸಿ ಕಾಪುವಿಗೆ ಹೋದೆ. ದಾರಿಯುದ್ದಕ್ಕೂ ಏನೇನು ಬೈಯಬೇಕೆಂದು ಜೋಡಿಸಿಕೊಂಡಿದ್ದೆ. ಅವರ ಮನೆಯ ಅಂಗಳದಲ್ಲಿ ಜನ ಗುಂಪುಕಟ್ಟಿ ನಿಂತಿದ್ದರು. ಅವರನ್ನು ಸರಿಸಿ ಮುಂದೆ ಹೋದೆ.

ಶೀನಣ್ಣನ ಹೆಂಡತಿ ವಾರಿಜಕ್ಕ ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದರು. "ಉಳಿದ ಬೋಟೆಲ್ಲ ಬಂದಾಯ್ತು, ಎಡ್ವಿನಣ್ಣ," ಎಂದರು. "ಇವರದ್ದು ಮಾತ್ರ ಇಲ್ಲ. ವಯರ್‌ಲೆಸ್ಸಿನಲ್ಲಿ ಕೂಗಿದ್ರೆ ಉತ್ತರ ಇಲ್ಲ. ಹುಡುಕ್ಲಿಕ್ಕೆ ನಾಲ್ಕು ಬೋಟು ಹೋಗಿ ಬಂದಿದೆ."

ಅವರ ಹತ್ತಿರ ಮೆಟ್ಟಿಲ ಮೇಲೆ ಕುಳಿತೆ. ಅವರು, "ಮಾರಿಯಮ್ಮನಿಗೆ ಹರಕೆ ಹೇಳಿಕೊಂಡಿದ್ದೇನೆ. ನಿಮ್ಮ ದೇವರತ್ರವೂ ಒಂದು ಮಾತು ಹೇಳಿ. ನಿಮ್ಮ ದೇವರ ಶಿಷ್ಯರೂ ಬೋಟಿನವರೇ ಅಂತೆ ಅಲ್ವಾ, ಇವರು ಹೇಳ್ತಿದ್ರು," ಎಂದರು.

ಆ ಮಾತು ಕೇಳಿ ನನಗೆ ಅಳು ತಡೆಯಲಾಗಲಿಲ್ಲ. ಕಾಪುವಿನ ದೀಪಸ್ತಂಭದ ಬುಡದ ಬಂಡೆಯ ಮೇಲೆ ಹೋಗಿ ಕುಳಿತು ಪ್ರಾರ್ಥಿಸಲು ನೋಡಿದೆ. ಬಾಯಿ ತೆರೆದರೆ ಪ್ರಾರ್ಥನೆಯ ಬದಲು ಬೆಂಜಮಿನ್ ಮಾಸ್ಟ್ರ ಮಾತೇ ಬರುತ್ತಿತ್ತು. ಇದು ಒಳ್ಳೆಯದಕ್ಕಲ್ಲ. ಪೀಠದ ವಸ್ತ್ರವನ್ನು ಎಣ್ಣೆ ಮರಳಿನಲ್ಲಿ ಎಳೆದಾಡಿದವನು ನಾನು, ಅದನ್ನು ಹೊತ್ತು ಕಡಲಿಗೆ ಹೋದವರು ಶೀನಣ್ಣ. ನನ್ನ ಪಾಲಿನ ಸಿಟ್ಟನ್ನು ದೇವರು ಅವರ ಮೇಲೆ ತೀರಿಸಿದನೇ? ಹೀಗೆಲ್ಲ ಯೋಚಿಸುತ್ತ ಸಂಜೆಯ ಬಸ್ಸಿನಲ್ಲಿ ಮನೆಗೆ ಬಂದೆ.

ಮರುದಿನ ಆರಾಧನೆ ಮುಗಿದ ಮೇಲೆ ಅಯ್ಯನವರ ಮುಂದೆ ಎಲ್ಲ ಹೇಳಿಕೊಂಡೆ. ಅವರು ನನ್ನ ಕೈ ಹಿಡಿದು, "ಎಡ್ವಿನ್ ಅವರೇ, ಆ ವಸ್ತ್ರ ಕೊಟ್ಟವನು ನಾನು. ಸಿಟ್ಟು ಬರುವುದಿದ್ದರೆ ಮೊದಲು ನನ್ನ ಮೇಲೆ ಬರಬೇಕಿತ್ತು," ಎಂದರು. "ನಮ್ಮ ತಂದೆ ಬಟ್ಟೆಯ ತುಂಡಿಗೆ ಮುನಿಸಿಕೊಂಡು ಯಾರ ಮನೆಯ ದೀಪವನ್ನೂ ಆರಿಸುವವನಲ್ಲ. ಹೆದರಿಕೆ ಬದಿಗಿಟ್ಟು, ಬೇಕಾದ್ದನ್ನು ನೇರವಾಗಿ ಕೇಳಿ."

ನೇರವಾಗಿ ಕೇಳಿದೆ. ಕರ್ತನೇ, ನನಗೆ ಬಾವುಟ ಹಿಡಿದು ನಿಲ್ಲುವ ಇನ್ನೊಬ್ಬ ಮನುಷ್ಯ ಇಲ್ಲ. ಅವರನ್ನು ಮತ್ತು ಜೊತೆಗಿರುವವರನ್ನು ದಡಕ್ಕೆ ತಂದುಬಿಡು. ಇಷ್ಟೇ ನನ್ನ ಪ್ರಾರ್ಥನೆ. ಗ್ರೇಸಿ ಪಕ್ಕದಲ್ಲಿ ಮೊಣಕಾಲೂರಿದ್ದಳು. ನಮ್ಮ ಹಿಂದೆ ಯಾರೋ ಮೊಣಕಾಲೂರಿದ ಸದ್ದಾಯಿತು. ತಿರುಗಿ ನೋಡಿದರೆ ಬೆಂಜಮಿನ್ ಮಾಸ್ಟ್ರು, ಗಂಟುನೋವಿನ ಕಾಲನ್ನು ಕಷ್ಟಪಟ್ಟು ಮಡಚಿ ಕುಳಿತಿದ್ದರು.

ಸೋಮವಾರ ಮಧ್ಯಾಹ್ನ ಗಂಜಿಗೆ ಕುಳಿತಿದ್ದೆವು. ಅಂದು ಬೆಳಿಗ್ಗೆಯಷ್ಟೇ ಸರಿಯಾಗಿದ್ದ ಫೋನು ಬಡಿಯಿತು. ಗ್ರೇಸಿ ಎತ್ತಿದವಳು ನನ್ನ ಕಡೆ ಚಾಚಿದಳು.

"ಎಡ್ವಿನ್, ನಾನು ಮಾರಾಯ. ಗಂಗೊಳ್ಳಿಯಲ್ಲಿ ಉಂಟು. ಶನಿವಾರದ ಆಟ ಎಂತ ಆಯ್ತು? ಸೋತಿರಾ?"

ನಾನು ಗ್ರೇಸಿಗೂ ಕೇಳುವಂತೆ ಫೋನನ್ನು ನಮ್ಮಿಬ್ಬರ ನಡುವೆ ಹಿಡಿದೆ. ಆಚೆಯಿಂದ, "ಹಲೋ, ಹಲೋ, ಇದೆಂತ ಫೋನು ಸತ್ತಿತಾ?" ಎಂದು ಬೈಯುವುದು ಕೇಳುತ್ತಲೇ ಇತ್ತು. ಆ ಬೈಗಳು ನನ್ನ ಕಿವಿಗೆ ಸ್ತೋತ್ರಗೀತೆಯಾಗಿತ್ತು.

ಡೆನಿಸ್‌ಗೆ ಫೋನು ಮಾಡಿದೆ. ಅವನು ಕಾರ್ಕಳದಿಂದ ವ್ಯಾನು ಹಾರಿಸಿಕೊಂಡು ಬಂದ. ಕಾಪುವಿನಿಂದ ವಾರಿಜಕ್ಕನನ್ನು ಕೂರಿಸಿಕೊಂಡು ಹೊರಟೆವು. ಸಂತೆಕಟ್ಟೆಯಲ್ಲಿ ಲಾರಿಗಳ ನಡುವೆ ಸಿಕ್ಕಿಬಿದ್ದಾಗ ವಾರಿಜಕ್ಕ, "ನಡೆದೇ ಹೋಗುವ, ಬೇಗ ಆಗ್ತದೆ," ಎಂದು ಬಾಗಿಲು ತೆಗೆಯಲು ಹೊರಟರು. ಎಲ್ಲರೂ ನಕ್ಕೆವು. ಹೋದ ಜೀವ ಬಂದ ಮೇಲೆ ಎಂತಹ ಮಾತಿಗೂ ನಗು ಬರುತ್ತದೆ.

ಬಂದರಿನ ಸಣ್ಣ ಹೋಟೆಲೊಂದರಲ್ಲಿ ಶೀನಣ್ಣ ಬನ್ಸ್ ತಿನ್ನುತ್ತಿದ್ದರು. ತುಟಿ ಒಡೆದಿತ್ತು, ಅಂಗೈ ಸಿಪ್ಪೆ ಎದ್ದಿತ್ತು. ಜೊತೆಗಿದ್ದ ನಾಲ್ವರೂ ಕ್ಷೇಮ. ಹೆಂಡತಿಯನ್ನು ನೋಡಿ ಎದ್ದು ನಿಂತವರು ಏನು ಮಾಡಬೇಕೆಂದು ತಿಳಿಯದೆ ಅವರಿಗೂ ಒಂದು ಬನ್ಸ್ ಕೊಟ್ಟರು.

ನಡೆದದ್ದು ಇಷ್ಟು. ಗುರುವಾರದ ಗಾಳಿಯಲ್ಲಿ ಬಲೆ ಬೋಟಿನಡಿಯ, ನೀರು ತಳ್ಳುವ ಫ್ಯಾನಿಗೆ ಸುತ್ತಿಕೊಂಡು ಇಂಜಿನ್ ನಿಂತಿತು. ವಯರ್‌ಲೆಸ್ಸಿಗೆ ನೀರು ನುಗ್ಗಿತು. ಬೋಟು ಬಡಗು ದಿಕ್ಕಿಗೆ ತೇಲಿತು. ದೂರದಲ್ಲಿ ಬೇರೆ ಬೋಟುಗಳು ಹಾದುಹೋಗುತ್ತಿದ್ದವು, ಯಾವುದೂ ತಿರುಗಿ ನೋಡಲಿಲ್ಲ. ಶೀನಣ್ಣ ಚೀಲದಿಂದ ಎಲ್ಲಕ್ಕಿಂತ ಉದ್ದದ ಕೋಲನ್ನು ತೆಗೆದು, ನಮ್ಮ ಬಾವುಟ ಕಟ್ಟಿ, ಕ್ಯಾಬಿನ್ ಮೇಲೆ ಹತ್ತಿ ಬೀಸತೊಡಗಿದರು. "ಆ ಕೋಲಿನಲ್ಲಿ ನಾನು ಒಂದು ಸಲವೂ ಚೆಂಡು ನೇರ ಹೊಡೆದದ್ದಿಲ್ಲ, ನಿನಗೆ ಗೊತ್ತುಂಟಲ್ಲ," ಎಂದರು. ಆದರೆ ಕೆಂಪು ಬಾವುಟದಿಂದ ಏನು ಪ್ರಯೋಜನ? ನಮ್ಮ ಕರಾವಳಿಯ ಯಾವ ಬೋಟಿನ ಮೇಲೆ ಬಣ್ಣದ ಬಾವುಟವಿಲ್ಲ? ಗಂಗೊಳ್ಳಿಯ ಬೋಟಿನವರೂ ಮೊದಲು ನೋಡಿ ಮುಂದಕ್ಕೆ ಹೋಗುತ್ತಿದ್ದರಂತೆ.

ಆಗ ಆ ಗಂಗೊಳ್ಳಿ ಬೋಟಿನ ತಾಂಡೇಲ, ನಮ್ಮೆದುರೇ ಚಹಾ ಕುಡಿಯುತ್ತ ಕುಳಿತಿದ್ದವರು, ಮಾತು ಸೇರಿಸಿದರು. "ಬೀಸುವಾಗ ಬಾವುಟ ಎರಡು ಪಾಲು ದೊಡ್ಡದಾಯ್ತು ಮಾರಾಯ್ರೆ. ಒಳಗಿಂದ ಬಿಳೀ ಶಿಲುಬೆ ಬಂತು. ನಾನು ಹುಡುಗರತ್ರ ಹೇಳಿದೆ, ಮಲ್ಪೆ ಬೋಟಿಗೆ ಶಿಲುಬೆ ಎಂತಕ್ಕೆ, ಅದು ಆಸ್ಪತ್ರೆಯವರದ್ದಾ ಎಂತ, ತಿರುಗಿಸಿ ಅಂತ."

ಗಾಳಿಗೆ ಕಚ್ಚಾ ಹೊಲಿಗೆ ಬಿಚ್ಚಿಕೊಂಡಿತ್ತು. ಗ್ರೇಸಿ ಮರೆಯದೆ ಮಿಷನ್ನಿನಲ್ಲಿ ಗಟ್ಟಿ ಹೊಲಿದಿದ್ದರೆ? ನಾನು ಕೇಳುತ್ತ ಕೇಳುತ್ತ ಬೆಂಚಿನ ಮೇಲೆ ಕುಳಿತುಬಿಟ್ಟೆ. ಅವರು ಬೋಟು ತಿರುಗಿಸಿದ್ದು ಭಾನುವಾರ ಬೆಳಿಗ್ಗೆ, ಗಂಗೊಳ್ಳಿಯವರೆಗೆ ಎಳೆದು ತಂದದ್ದು ಮರುದಿನಕ್ಕೆ. ನಾನು ಮೊಣಕಾಲೂರಿ ಕೇಳುವ ಮೊದಲೇ ನನ್ನ ಕರ್ತನು ಉತ್ತರವನ್ನು ಕಡಲಿನಲ್ಲಿ ಬಿಚ್ಚಿಟ್ಟಿದ್ದ.

ಮಣಿಪಾಲದ ಆಸ್ಪತ್ರೆಯಲ್ಲಿ ಒಂದು ದಿನ ಗ್ಲೂಕೋಸ್ ಹಾಕಿ ಶೀನಣ್ಣನನ್ನು ಮನೆಗೆ ಕಳುಹಿಸಿದರು. ಮುಂದಿನ ಭಾನುವಾರ ಅವರೂ ವಾರಿಜಕ್ಕನೂ, ಮಾರಿಯಮ್ಮನ ಹರಕೆ ತೀರಿಸಿ, ನಮ್ಮ ದೇವಾಲಯಕ್ಕೂ ಬಂದರು. ಒಗೆದು ಮಡಚಿದ ಕೆಂಪು ವಸ್ತ್ರವನ್ನು ಅಯ್ಯನವರ ಕೈಗೆ ಕೊಟ್ಟು ಶೀನಣ್ಣ, "ನಿಮ್ಮ ದೇವರದ್ದು, ನಿಮಗೇ ಕೊಟ್ಟು ಹೋಗುವ ಅಂತ ಬಂದೆವು," ಎಂದರು. ಅಯ್ಯನವರು ಬೆಂಜಮಿನ್ ಮಾಸ್ಟ್ರ ಮುಖ ನೋಡಿದರು. ಮಾಸ್ಟ್ರು ವಸ್ತ್ರವನ್ನು ತೆಗೆದುಕೊಂಡು, ಕನ್ನಡಕ ಸರಿಮಾಡಿ, ಬಿಚ್ಚಿದ ಹೊಲಿಗೆಯ ಮೇಲೆ ಬೆರಳಾಡಿಸಿದರು. ಆಮೇಲೆ ಅದನ್ನು ಗ್ರೇಸಿಯ ಕೈಯಲ್ಲಿಟ್ಟರು.

"ಗುಡ್ಡೆಯದ್ದು ಗುಡ್ಡೆಗೇ ಹೋಗಲಿ," ಎಂದರು. "ಈ ಸಲ ಗಟ್ಟಿ ಹೊಲಿಯಮ್ಮ. ಶಿಲುಬೆ ಹೊರಗೆ ಕಾಣಬೇಕು."

ಮಳೆಗಾಲ ಮುಗಿದು ಅಕ್ಟೋಬರದಲ್ಲಿ ಕಾರ್ಕಳದವರ ಜೊತೆ ಬಾಕಿಯಿದ್ದ ಆಟ ಆಡಿದೆವು. ಸೋತೆವು, ಚೆನ್ನಾಗಿಯೇ ಸೋತೆವು. ಕೋರಿ ರೊಟ್ಟಿ ಗ್ರೇಸಿಯೂ ವಾರಿಜಕ್ಕನೂ ಸೇರಿ ಮಾಡಿದರು. ಆದರೆ ಕೊನೆಯ ಗುಂಡಿಗೆ ನಾನು ಹೊಡೆಯುವಾಗ ಎದುರು ಬಿಸಿಲಿಗೆ ಕಣ್ಣು ಕತ್ತಲಿಟ್ಟು, ಎತ್ತ ಹೊಡೆಯಬೇಕೆಂದು ಕಾಣಲಿಲ್ಲ. ಆಗ ಗುಡ್ಡೆಯ ಆ ತುದಿಯಿಂದ ಕೂಗು ಬಂತು. "ಇಲ್ಲಿ ಮಾರಾಯ, ಇಲ್ಲಿ! ನಾನು ಇಲ್ಲಿ ಉಂಟು!" ಕೈಯಿಂದ ಬಿಸಿಲು ಮರೆಮಾಡಿ ನೋಡಿದೆ. ಬಿಳಿ ಶಿಲುಬೆಯ ಕೆಂಪು ಬಾವುಟ ಗಾಳಿಗೆ ಪೂರ್ತಿ ಬಿಚ್ಚಿಕೊಂಡಿತ್ತು, ಅದರ ಕೆಳಗೆ ನನ್ನ ಶೀನಣ್ಣ ನಿಂತಿದ್ದರು. ಕೋಲು ಕೆಳಗಿಟ್ಟು ಮೊದಲು ಸ್ತೋತ್ರ ಹೇಳಿದೆ, ಆಮೇಲೆ ಚೆಂಡು ಹೊಡೆದೆ.