ತೌಡಿಗೆ ಕೊಂಡ ಮಗನ ಮೂಗು

೧೯೮೭ರಲ್ಲಿ ನಾನು ಚಿಕ್ಕೋಡಿ ಭಾಗದ ಒಂದು ಸರಕಾರಿ ಆಸ್ಪತ್ರೆಯಲ್ಲಿ ಸರ್ಜನ್ ಆಗಿದ್ದೆ. ಆಸ್ಪತ್ರೆಯ ಹೆಸರು ಬೇಡ. ತಪ್ಪು ಅದರದಲ್ಲ, ನನ್ನದು. ವಯಸ್ಸು ಮೂವತ್ನಾಲ್ಕು, ತಲೆ ತುಂಬ ನಿಯಮಗಳು. ಹರ್ನಿಯಾ, ಅಪೆಂಡಿಕ್ಸ್, ಕಬ್ಬು ಕಡಿಯುವಾಗ ಕೊಯ್ದುಕೊಂಡ ಕೈಕಾಲು, ಇವೇ ನನ್ನ ದಿನಚರಿ. ಚಂದ ಕಾಣಲೆಂದು ಮಾಡುವ ಕಾಸ್ಮೆಟಿಕ್ ಸರ್ಜರಿ ಪುಸ್ತಕದಲ್ಲಿ ಓದಿದ್ದಷ್ಟೆ. ಹದಿಹರೆಯದವರಿಗೆ ಅದನ್ನು ಮಾಡಬಹುದೇ ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ನೆನಪಾಗುವುದು ತಿಪ್ಪಣ್ಣನ ಮೂಗು.

ತಿಪ್ಪಣ್ಣ ಚಿಂಚಲಿ ಕಡೆಯ ಕುರಿಗಾರರ ಹುಡುಗ. ಹದಿನಾರು ವರ್ಷ, ಎಸ್ಸೆಸ್ಸೆಲ್ಸಿ. ಮೂಗಿನ ಬಲಹೊಳ್ಳೆಯಲ್ಲಿ ಹುಟ್ಟಿದ ವಾರದಲ್ಲೇ ಚುಚ್ಚಿದ್ದ ತೂತು. ಅದರಲ್ಲಿ ದಪ್ಪನೆಯ ತಾಮ್ರದ ಉಂಗುರ. ವರ್ಷಗಳಿಂದ ಜಗ್ಗಿ ಜಗ್ಗಿ ತೂತು ಜೋಳದ ಕಾಳಿನಷ್ಟು ಅಗಲವಾಗಿತ್ತು. ನೋವಿಲ್ಲ, ಕೀವಿಲ್ಲ, ಉಸಿರಾಟಕ್ಕೆ ತೊಂದರೆಯಿಲ್ಲ. ಹಾಗಿದ್ದರೆ ಇಲ್ಲಿ ನಿನ್ನ ಕೆಲಸವೇನು ಎಂದು ಕೇಳಿದೆ. ಹೈಸ್ಕೂಲಿನಲ್ಲಿ ಹುಡುಗರು ತನ್ನನ್ನು ತಿಪ್ಪವ್ವ ಎಂದು ಕರೆಯುತ್ತಾರೆ, ಸೀರೆ ಯಾವಾಗ ಉಡ್ತಿ ಅನ್ನುತ್ತಾರೆ ಎಂದು ನೆಲ ನೋಡುತ್ತ ಹೇಳಿದ.

ಹದಿನೆಂಟು ತುಂಬಿದ ಮೇಲೆ ಬಾ, ಆಗ ನಿನ್ನ ಸಹಿಯೇ ಸಾಕು ಎಂದೆ. ನನಗೆ ಅದು ಬಹಳ ಜಾಣತನದ ಉತ್ತರವೆನಿಸಿತ್ತು.

“ಎಲ್ಡ ತಿಂಗಳಾತ್ರಿ ಸಾಲಿ ಬಿಟ್ಟು. ಈ ತೂತ ಮುಚ್ಚಿದ್ರ ಪರೀಕ್ಷಾಕ್ಕ ಕೂಡ್ತೇನ್ರಿ ಸಾಹೇಬ್ರ. ಇಲ್ಲಂದ್ರ ಕುರಿ ಹಿಂದ ಹೋಗೋದ ಐತಿ.”

ಹುಡುಗ ಬೆದರಿಸುತ್ತಿದ್ದಾನೋ, ಬೇಡಿಕೊಳ್ಳುತ್ತಿದ್ದಾನೋ ತಿಳಿಯಲಿಲ್ಲ. ರೋಗವೇ ಇಲ್ಲದ ಮೈಗೆ ಕತ್ತಿ ಹಾಕುವುದು ತಪ್ಪು ಎಂದು ಒಂದು ಮನಸ್ಸು, ಒಂದು ಕಾಳಿನಷ್ಟು ತೂತಿಗೆ ಒಬ್ಬನ ಓದು ನಿಲ್ಲಬೇಕೇ ಎಂದು ಇನ್ನೊಂದು. ಕೊನೆಗೆ ತಂದೆಯನ್ನೋ ತಾಯಿಯನ್ನೋ ಕರೆದುಕೊಂಡು ಬಾ ಎಂದೆ. ತಂದೆ ಕುರಿಹಿಂಡಿನ ಜೊತೆ ಊರೂರು ತಿರುಗುತ್ತಾನೆ, ಅವ್ವ ಬರುತ್ತಾಳೆ ಎಂದ.

ಎರಡು ದಿನ ಬಿಟ್ಟು ಗೌರವ್ವ ಎಂಬ ಗಟ್ಟಿ ಹೆಂಗಸಿನೊಂದಿಗೆ ಬಂದ. ಅವಳನ್ನು ಅವ್ವ ಎಂದೇ ಕರೆಯುತ್ತಿದ್ದ. ನೀವು ತಾಯಿಯೇನು ಎಂದು ನಿಯಮದ ಪ್ರಕಾರ ಕೇಳಿದೆ. “ಹೌದ್ರಿ, ನನ್ನ ಮಗಾನ ಅದಾನ. ಹೆಬ್ಬಟ್ಟ ಎಲ್ಲಿ ಒತ್ತಬೇಕ ತೋರಸ್ರಿ” ಎಂದಳು. ಕಣ್ಣಲ್ಲಿ ಅಳುಕಿನ ಸುಳಿವೂ ಇರಲಿಲ್ಲ. ಸಮ್ಮತಿ ಪತ್ರದಲ್ಲಿ ಒತ್ತಿಸಿಕೊಂಡೆ. ಲೋಕಲ್ ಅನಸ್ತೇಶಿಯಾ, ಅಂದರೆ ಆ ಜಾಗವಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ತೂತಿನ ಅಂಚು ಕೆತ್ತಿ, ಒಳಗೆ ಎರಡು, ಹೊರಗೆ ಮೂರು ಹೊಲಿಗೆ ಹಾಕಿದೆ. ಅರ್ಧ ತಾಸಿನ ಕೆಲಸ. ಕನ್ನಡಿ ಕೊಟ್ಟಾಗ ಹುಡುಗ ಬ್ಯಾಂಡೇಜನ್ನೇ ನೋಡಿ ನಕ್ಕ. ನನಗೂ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಹೆಮ್ಮೆ ಮೂರು ದಿನ ಬಾಳಿತು. ನಾಲ್ಕನೆಯ ದಿನ ಗೌರವ್ವ ಅವನನ್ನು ಎತ್ತಿನ ಗಾಡಿಯಲ್ಲಿ ತಂದಳು. ಗಾಯ ಕೀವುಗಟ್ಟಿ ಮುಖ ಬಾತು, ಮೈ ಸುಡುತ್ತಿತ್ತು. ಹೊಲಿಗೆ ಬಿಚ್ಚಿ, ಆಂಟಿಬಯಾಟಿಕ್ ಶುರು ಮಾಡಿ, ವಾರ್ಡಿನಲ್ಲಿ ಮಲಗಿಸಿದೆ. ಅಂಗಳದ ಬೇವಿನ ಮರದ ಕೆಳಗೆ ಒಬ್ಬ ಸಣಕಲು ಹೆಂಗಸು ಬೆಳಗಿನಿಂದ ಕೂತಿದ್ದಳು. ಒಳಗೆ ಬರಲೊಲ್ಲಳು, ನೀರೂ ಕುಡಿಯಲೊಲ್ಲಳು. ಯಾರವ್ವಾ ನೀನು ಎಂದರೆ ಯಾರೂ ಅಲ್ಲ ಎಂದು ಮುಖ ತಿರುಗಿಸಿದಳು.

ಯಾರೆಂದು ಗೌರವ್ವ ಹೇಳಿದಳು. ಅವಳು ಸತ್ಯವ್ವ, ತಿಪ್ಪಣ್ಣನನ್ನು ಹೆತ್ತವಳು. ಮೊದಲು ಹೆತ್ತ ಮೂರು ಕೂಸುಗಳು ಹೆಸರಿಡುವ ಮುಂಚೆಯೇ ತೀರಿಕೊಂಡವು. ನಾಲ್ಕನೆಯದನ್ನು ಸಾವಿನ ಕಣ್ಣು ತಪ್ಪಿಸಲು ತಿಪ್ಪೆಯ ಮೇಲೆ ಎಸೆದಂತೆ ಮಾಡಿದರು. ಪಕ್ಕದ ಮನೆಯ ಗೌರವ್ವ ಒಂದು ಮೊರ ತೌಡು ಕೊಟ್ಟು ಆ ಕೂಸನ್ನು ಕೊಂಡಳು, ಕೊಂಡದ್ದರ ಗುರುತಿಗೆ ಮೂಗು ಚುಚ್ಚಿಸಿದಳು, ಸಾಕಲೆಂದು ಹೆತ್ತವಳ ಕೈಗೇ ಕೊಟ್ಟಳು. ಅಂದಿನಿಂದ ಹುಡುಗನಿಗೆ ಗೌರವ್ವನೇ ಅವ್ವ. ಹೆತ್ತವಳನ್ನು ಅವನು ಹೆಸರು ಹಿಡಿದೇ ಕರೆಯುತ್ತಾನೆ.

ಮತ್ತೆ ನನಗೇಕೆ ಸುಳ್ಳು ಹೇಳಿದೆ ಎಂದು ನಾನು ರೇಗಿದೆ. ಗೌರವ್ವ ನನ್ನನ್ನೇ ಪಿಳಿಪಿಳಿ ನೋಡಿದಳು. “ತೌಡ ಕೊಟ್ಟ ತಗೊಂಡೇನ್ರಿ. ನನ್ನ ಮಗ ಅಲ್ಲಂದ್ರ ಮತ್ಯಾರ ಮಗರಿ?”

ಕಾನೂನಿನ ಪ್ರಕಾರ ಆ ಸಮ್ಮತಿಗೆ ಬೆಲೆಯಿಲ್ಲ. ಹುಡುಗನಿಗೆ ಹೆಚ್ಚುಕಡಿಮೆಯಾದರೆ ನನ್ನ ನೌಕರಿಯೂ ಹೋದಂತೆಯೇ. ನಾಚಿಕೆಯಿಂದಲೇ ಬರೆಯುತ್ತೇನೆ: ಹುಡುಗ ಜ್ವರದಲ್ಲಿ ನರಳುತ್ತಿರುವಾಗ ನಾನು ಹೊಸ ಸಮ್ಮತಿ ಪತ್ರ, ಮಸಿಯ ಡಬ್ಬಿ ಹಿಡಿದು ಬೇವಿನ ಮರದ ಕಡೆ ಓಡಿದೆ. ‘ನನ್ನ ಮಗನ ಶಸ್ತ್ರಚಿಕಿತ್ಸೆಗೆ ನನ್ನ ಒಪ್ಪಿಗೆ ಇದೆ’ ಎಂದು ಓದಿ ಹೇಳಿದೆ. ಸತ್ಯವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ಅಂವ ನನ್ನ ಮಗ ಅಂತ ಹದಿನಾರ ವರ್ಷ ಒಮ್ಮೆನೂ ಬಾಯಿ ಬಿಟ್ಟ ಅಂದಿಲ್ರಿ. ಅಂದಿಲ್ಲಂತನ ಉಳದಾನ. ಇವತ್ತ ಕಾಗದದ ಮ್ಯಾಲ ಹೆಬ್ಬಟ್ಟ ಒತ್ತಿ ಹೇಳ್ಲೇನ್ರಿ?”

ತೂತು ಮುಚ್ಚಿಸುವುದು ನಿನಗೆ ಒಪ್ಪಿಗೆಯಿತ್ತೋ ಇಲ್ಲವೋ ಎಂದು ಕೇಳಿದೆ. ಹುಡುಗ ಹತ್ತು ಸಲ ಕೇಳಿದ್ದನಂತೆ. ಗೌರವ್ವನನ್ನು ಕೇಳು ಎಂದಿದ್ದಳಂತೆ. ಬೇಡ ಅನ್ನಲಿಕ್ಕೂ ಅವಳು ತಾಯಿಯಾಗಬೇಕಿತ್ತು. ಹಾಗಾದರೆ ಇಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ನಾನು ಆ ಕಾಗದ ಹಿಡಿದು ಬಿಸಿಲಿನಲ್ಲಿ ಪೆದ್ದನಂತೆ ನಿಂತಿದ್ದೆ.

ಎರಡು ದಿನ ಅವಳು ಅಲ್ಲೇ ಕೂತಿದ್ದಳು. ಕೇಳಬೇಕೆಂದರೂ ಮಗನ ಸುದ್ದಿ ಕೇಳುವಂತಿಲ್ಲ. ನಾನು ಹಾದುಹೋದಾಗಲೆಲ್ಲ ನನ್ನ ಮುಖವನ್ನಷ್ಟೇ ನೋಡುತ್ತಿದ್ದಳು. ಮೂರನೆಯ ದಿನ ಬೆಳಿಗ್ಗೆ ಜ್ವರ ಇಳಿದಿತ್ತು. ಬಾವು ತಗ್ಗಿ ಹುಡುಗ ಚಹಾ ಕೇಳಿದ. ನಾನು ನೇರ ಮರದ ಹತ್ತಿರ ಹೋದೆ. ನಿನ್ನ ಮಗ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಗಾಯ ಆರಿದ ಮೇಲೆ ತಿಪ್ಪಣ್ಣನ ಮೂಗಿನಲ್ಲಿ ತೂತು ಉಳಿಯಲಿಲ್ಲ, ಆದರೆ ಗೆರೆ ಉಳಿಯಿತು. ಪರೀಕ್ಷೆಗೆ ಕೂತನೆಂದು ಆಮೇಲೆ ಸುದ್ದಿ ಬಂತು. ನಾನು ಮಾಡಿದ್ದು ಸರಿಯೇ? ಗೊತ್ತಿಲ್ಲ. ತೊಂಬತ್ತರ ದಶಕದಲ್ಲಿ ನಿಪ್ಪಾಣಿಯಲ್ಲಿದ್ದಾಗ ಮಚ್ಚೆ ತೆಗೆಯಿರಿ, ಕಿವಿ ಸರಿಮಾಡಿ ಎಂದು ಎಷ್ಟೋ ಹುಡುಗ ಹುಡುಗಿಯರು ಬಂದರು. ಕೆಲವರಿಗೆ ಮಾಡಿದೆ, ಕೆಲವರನ್ನು ಕಳಿಸಿದೆ, ಎರಡೂ ಸಲ ನಿದ್ದೆಗೆಟ್ಟೆ. ಕಲಿತದ್ದು ಇಷ್ಟೇ: ಸಹಿ ಮಾಡುವವರನ್ನು ಮಾತಾಡಿಸಿದ ಮೇಲೆ ಹೊರಗೆ ಬಂದು, ಅಂಗಳದಲ್ಲಿ ಇನ್ಯಾರಾದರೂ ಕೂತಿದ್ದಾರೆಯೇ ಎಂದು ನೋಡುತ್ತಿದ್ದೆ.

ಆ ಬೆಳಿಗ್ಗೆ ಸತ್ಯವ್ವನಿಗೆ ನಾನು ಹೇಳಿದ್ದು ಇದು: “ಗೌರವ್ವನ ಮಗ ಆರಾಮ ಅದಾನ ನೋಡವ್ವಾ. ನಾಳೆ ಮನೀಗ ಹೋಗ್ತಾನ.” ಅವಳು ಸೆರಗಿನಿಂದ ಕೈ ಹೊರತೆಗೆದು ನನಗೆ ಮುಗಿದಳು. ಆಮೇಲೆ ಕುಡಿಯಲು ನೀರು ಕೇಳಿದಳು.